ಮೊದಲು ನಾಲ್ಕು ಸಾಲು, ಆಮೇಲೆ ಸ್ಲೈಡ್

ಅಂದು ಸೆಮಿನಾರಿನಲ್ಲಿ ನನ್ನ ಸರದಿ ಮೂರನೆಯದು. ವಿಷಯ: ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆ ಮತ್ತು ಅಂಗಮಾರಿ ರೋಗ. ಅರಕಲಗೂಡು ಕಡೆಯ ನಮ್ಮೂರಲ್ಲಿ ಆಲೂಗಡ್ಡೆ ಹಾಕಿ ಒಮ್ಮೆಯಾದರೂ ಕೈಸುಟ್ಟುಕೊಳ್ಳದ ಮನೆ ಕಡಿಮೆ. ನಮ್ಮಪ್ಪನೂ ಅವರಲ್ಲೊಬ್ಬರು. ಹಾಗಾಗಿ ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಆದರೆ ಪೆನ್‌ಡ್ರೈವ್ ಹಾಕಿ ಫೈಲ್ ತೆರೆದರೆ ಪರದೆಯ ಮೇಲೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಕಲಸಿಹೋದ ಗೋಜಲು. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. 'ಪರವಾಗಿಲ್ಲಮ್ಮ, ಮುಂದಿನ ವಾರ ಮಾಡು' ಎಂದರು ಮೇಷ್ಟ್ರು. ಕೆಳಗಿಳಿದು ಬಂದೆ.

ಆ 22 ಸ್ಲೈಡುಗಳನ್ನು ನಾನು ಮಾಡಿಸಿದ್ದು ಒಂದು ಜೆರಾಕ್ಸ್ ಅಂಗಡಿಯಲ್ಲಿ, ಸ್ಲೈಡಿಗೆ ಇಷ್ಟು ಎಂದು ದುಡ್ಡು ಕೊಟ್ಟು. ಅಲ್ಲಿ ಟೈಪ್ ಮಾಡಿದ್ದು ಹಳೆಯ ಮಾದರಿಯ ಫಾಂಟಿನಲ್ಲಿ. ಅಂಥ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ದಾಖಲಾಗುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಕಾಲೇಜಿನ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಷ್ಟೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೇ ಒಪ್ಪಿದ ತನ್ನದೇ ಸಂಖ್ಯೆ ಇದೆ. ವಿಂಡೋಸ್‌ನ ನಿರ್ಮಲಾ, ಆಂಡ್ರಾಯ್ಡ್‌ನ ನೋಟೊ ಫಾಂಟುಗಳು ಅದನ್ನು ಸರಿಯಾಗಿಯೇ ತೋರಿಸುತ್ತವೆ. ನುಡಿ, ಬರಹ ತಂತ್ರಾಂಶಗಳಲ್ಲೂ ಈಗ ಯೂನಿಕೋಡ್ ಆಯ್ಕೆ ಇದೆ. ಮೊಬೈಲಿನಲ್ಲಿ ನಾವು ದಿನವೂ ಟೈಪಿಸುವುದು ಯೂನಿಕೋಡ್ ಕನ್ನಡವನ್ನೇ.

ಆ ವಾರ ಹೊಳೆನರಸೀಪುರದ ಸೀನಿಯರ್ ಅಕ್ಕ ಒಬ್ಬರು ಬೇರೊಂದು ದಾರಿ ತೋರಿಸಿದರು. 'ಪವರ್‌ಪಾಯಿಂಟ್ ಬಿಡು. ಹೇಳಬೇಕಾದ್ದನ್ನು ಮೊಬೈಲ್ ನೋಟ್ಸ್‌ನಲ್ಲಿ ಬರಿ. ಅದನ್ನೇ ಸ್ಲೈಡ್ ಮಾಡೋಣ' ಎಂದರು. ನಾನು ಬರೆದದ್ದು ಹೀಗಿತ್ತು:

# ಅಂಗಮಾರಿ ಯಾವಾಗ ಬರುತ್ತದೆ?

- ಮೋಡ, ಜಿಟಿಜಿಟಿ ಮಳೆ, ತಂಪು ಹವೆ
- ಎಲೆಯ ಮೇಲೆ ತೇವ ಆರದಿದ್ದಾಗ

---

# ಏನು ಮಾಡಬಹುದು?

ಇಷ್ಟೇ ವ್ಯಾಕರಣ. ಹ್ಯಾಷ್ ಗುರುತು ಹಾಕಿದರೆ ಶೀರ್ಷಿಕೆ, ಅಡ್ಡಗೆರೆ ಹಾಕಿದರೆ ಪಟ್ಟಿ, ಮೂರು ಅಡ್ಡಗೆರೆ ಹಾಕಿದರೆ ಹೊಸ ಸ್ಲೈಡು. ಮೂರು ಗೆರೆಗಳ ಮೇಲೆ ಒಂದು ಸಾಲು ಖಾಲಿ ಬಿಡಬೇಕು. ಇಲ್ಲದಿದ್ದರೆ ಮೇಲಿನ ಸಾಲೇ ಶೀರ್ಷಿಕೆಯಾಗಿಬಿಡುವುದುಂಟು. ಈ ಬರವಣಿಗೆಯ ಕ್ರಮಕ್ಕೆ ಮಾರ್ಕ್‌ಡೌನ್ ಎಂದು ಹೆಸರು. ಜಾನ್ ಗ್ರೂಬರ್ 2004ರಲ್ಲಿ ಇದನ್ನು ಹೊರತಂದರು. ಇದನ್ನು ಬ್ರೌಸರಿನಲ್ಲಿ ಓಡುವ ಸ್ಲೈಡುಗಳಾಗಿ ಬದಲಿಸುವ ಉಚಿತ ಸಾಧನಗಳೂ ಇವೆ. ಹಕೀಮ್ ಎಲ್ ಹತ್ತಾಬ್ 2011ರಲ್ಲಿ ಆರಂಭಿಸಿದ ರಿವೀಲ್ ಜೆಎಸ್ ಒಂದು, ಮಾರ್ಪ್ ಇನ್ನೊಂದು. ಅಕ್ಕ ಕಾಲೇಜು ಲ್ಯಾಬಿನ ಕಂಪ್ಯೂಟರಿನಲ್ಲಿ ವಿಎಸ್ ಕೋಡ್‌ಗೆ ಮಾರ್ಪ್ ಸೇರಿಸಿ ನನ್ನ ಬರಹವನ್ನು ಒಂದು ಎಚ್‌ಟಿಎಂಎಲ್ ಫೈಲ್ ಮಾಡಿಕೊಟ್ಟರು. ಅದು ಲ್ಯಾಬಿನ ಕ್ರೋಮ್‌ನಲ್ಲೂ ತೆರೆಯಿತು, ನನ್ನ ಮೊಬೈಲಿನಲ್ಲೂ ತೆರೆಯಿತು. ಕನ್ನಡ ಎಲ್ಲಿಯೂ ಕೆಡಲಿಲ್ಲ.

ಪವರ್‌ಪಾಯಿಂಟ್‌ನಲ್ಲೂ ಯೂನಿಕೋಡ್ ಬಳಸಿದರೆ ಕನ್ನಡ ಕೆಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅಕ್ಷರದ ತೊಂದರೆಯೊಂದೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ನನಗೆ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಮಾರ್ಕ್‌ಡೌನ್‌ನಲ್ಲಿ ಬರೆಯಲು ಕೂತಾಗ ಬಣ್ಣ ಆರಿಸುವ ಹಾಗಿಲ್ಲ, ಟೆಂಪ್ಲೇಟ್ ಹುಡುಕುವ ಹಾಗಿಲ್ಲ. ಖಾಲಿ ಪರದೆ, ನಾನು, ನನ್ನ ವಿಷಯ. ಆಗ ಗೊತ್ತಾಯಿತು, ನನ್ನ 22 ಸ್ಲೈಡುಗಳಲ್ಲಿ ನನ್ನದು ಎನ್ನುವ ಒಂದು ವಾಕ್ಯವೂ ಇರಲಿಲ್ಲ. ಎಲ್ಲವೂ ಅಲ್ಲಿಂದ ಇಲ್ಲಿಂದ ಕತ್ತರಿಸಿ ಅಂಟಿಸಿದ್ದು. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. 'ರೋಗ ಬಿದ್ದ್ ಮೇಲೆ ಔಷಧಿ ಹೊಡೆದ್ರೆ ಏನು ಬಂತವ್ವ, ಮೋಡ ಕಟ್ಟಿದಾಗ್ಲೇ ಹೊಡೀಬೇಕಿತ್ತು' ಎಂದರು. ಆ ಮಾತೇ ನನ್ನ ಸೆಮಿನಾರಿನ ಮುಖ್ಯ ಅಂಶವಾಯಿತು. ಸ್ಲೈಡುಗಳು ಏಳಕ್ಕೆ ಇಳಿದವು. ಮುಂದಿನ ವಾರ ನಾನು ಪರದೆ ನೋಡಿ ಓದಲಿಲ್ಲ, ಎದುರಿಗಿದ್ದವರನ್ನು ನೋಡಿ ಮಾತಾಡಿದೆ.

ಚನ್ನರಾಯಪಟ್ಟಣದ ನನ್ನ ಗೆಳತಿಯೊಬ್ಬಳಿಗೆ ಕೆಲಸದ ಸಂದರ್ಶನದಲ್ಲಿ ಆದದ್ದೂ ಇದೇ. ಅವಳು ಅಂದವಾದ ಸ್ಲೈಡುಗಳನ್ನೇ ಒಯ್ದಿದ್ದಳು. ಸಂದರ್ಶಕರು ಲ್ಯಾಪ್‌ಟಾಪ್ ಮುಚ್ಚಿಸಿ, 'ನಿಮ್ಮ ಪ್ರಾಜೆಕ್ಟ್ ಏನೆಂದು ಎರಡು ನಿಮಿಷದಲ್ಲಿ ಹೇಳಿ' ಎಂದರಂತೆ. ಅವಳಿಗೆ ಮಾತು ಹೊರಡಲಿಲ್ಲ. ಅವಳೇನು ದಡ್ಡಿಯಲ್ಲ. ಸ್ಲೈಡ್ ಮಾಡುವುದನ್ನು ಎಲ್ಲರೂ ಹೇಳಿಕೊಟ್ಟಿದ್ದರು, ಅದಕ್ಕೂ ಮೊದಲು ನಾಲ್ಕು ಸಾಲು ಬರೆದುಕೊಳ್ಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಹಳ್ಳಿಗಳಿಂದ ಬಸ್ ಹತ್ತಿ ಹಾಸನಕ್ಕೆ ಓದಲು ಬರುವ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಇದೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಬರೆಯಬಹುದು. ಹತ್ತು ಸ್ಲೈಡಿನ ಬರಹ ಹತ್ತು ಕೆಬಿಯನ್ನೂ ದಾಟುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕ್ಷಣದಲ್ಲಿ ಹೋಗುತ್ತದೆ. ಸ್ಲೈಡಾಗಿ ಬದಲಿಸಲು ಮಾತ್ರ ಲ್ಯಾಬಿನಲ್ಲೋ ಗೆಳೆಯರಲ್ಲೋ ಹತ್ತು ನಿಮಿಷ ಕಂಪ್ಯೂಟರ್ ಸಿಕ್ಕರೆ ಸಾಕು. ಒಂದು ಪದ ತಿದ್ದಬೇಕೆಂದರೆ ಮತ್ತೆ ಅಂಗಡಿಗೆ ಹೋಗಿ ದುಡ್ಡು ತೆರಬೇಕಾಗಿಲ್ಲ.

ಕೆಲಸ ಹುಡುಕುವವರಿಗೂ ಇದು ಉಪಯೋಗದ ವಿದ್ಯೆ. ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟಿನ ಪರಿಚಯ ಬರೆಯುವುದು ಇದೇ ಮಾರ್ಕ್‌ಡೌನ್‌ನಲ್ಲಿ. ಅಲ್ಲಿನ ಪೇಜಸ್ ಸೌಲಭ್ಯದಲ್ಲಿ ನಿಮ್ಮ ಸ್ಲೈಡುಗಳನ್ನು ಉಚಿತವಾಗಿ ಇರಿಸಿ, ಆ ಲಿಂಕನ್ನು ಬಯೋಡೇಟಾದಲ್ಲಿ ಕೊಡಬಹುದು.

ಹಾಗೆಂದು ಪವರ್‌ಪಾಯಿಂಟ್ ಕಲಿಯಬೇಡಿ ಎನ್ನುತ್ತಿಲ್ಲ. ಹಲವು ಕಚೇರಿಗಳಲ್ಲಿ ಅದನ್ನೇ ಕೇಳುತ್ತಾರೆ. ನಾಲ್ಕು ಜನ ಕೂಡಿ ತಿದ್ದುವ ಸ್ಲೈಡುಗಳಿಗೆ, ಸಂಕೀರ್ಣ ಚಾರ್ಟುಗಳಿಗೆ ಅದೇ ಸಲೀಸು. ಮಾರ್ಪ್‌ನಿಂದ ಪವರ್‌ಪಾಯಿಂಟ್ ಫೈಲನ್ನೂ ಪಡೆಯಬಹುದು, ಆದರೆ ಸಾಮಾನ್ಯವಾಗಿ ಅದರಲ್ಲಿ ಪ್ರತಿ ಸ್ಲೈಡೂ ಒಂದು ಚಿತ್ರವಾಗಿರುತ್ತದೆ, ಅಕ್ಷರ ತಿದ್ದಲಾಗದು. ಫೋಟೊ ಬಳಸಿದ್ದರೆ ಎಚ್‌ಟಿಎಂಎಲ್ ಜೊತೆಗೆ ಫೋಟೊ ಫೈಲುಗಳನ್ನೂ ಒಯ್ಯಬೇಕು. ಎರಡನೇ ಸೆಮಿನಾರಿನಲ್ಲಿ ಅದನ್ನು ಮರೆತು ನನ್ನ ಆಲೂಗಡ್ಡೆ ಹೊಲದ ಜಾಗದಲ್ಲಿ ಖಾಲಿ ಚೌಕ ಕಂಡಿತು. ಆದರೂ ಮಾತು ನಿಲ್ಲಲಿಲ್ಲ, ಹೊಲ ನನ್ನ ಕಣ್ಣಿನಲ್ಲೇ ಇತ್ತು.

ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಸೆಮಿನಾರಿಗೆ ಮೊದಲು ಸ್ಲೈಡ್ ಕೇಳಬೇಡಿ, ಒಂದು ಪುಟದ ಬರಹ ಕೇಳಿ. ಅದಕ್ಕೂ ಎರಡು ಅಂಕ ಇಡಿ. ಸೆಮಿಸ್ಟರ್ ಆರಂಭದಲ್ಲಿ ಲ್ಯಾಬಿನ ಒಂದು ಗಂಟೆಯನ್ನು ಯೂನಿಕೋಡ್ ಟೈಪಿಂಗ್ ಮತ್ತು ಮಾರ್ಕ್‌ಡೌನ್‌ಗೆ ಕೊಟ್ಟರೆ, ಆ ವರ್ಷದ ಯಾವ ವಿದ್ಯಾರ್ಥಿಯೂ ನನ್ನಂತೆ ವೇದಿಕೆಯಿಂದ ಬರಿಗೈಯಲ್ಲಿ ಇಳಿಯಬೇಕಾಗುವುದಿಲ್ಲ.

ಗೆಳೆಯರೇ, ಮುಂದಿನ ಸೆಮಿನಾರಿನ ವಿಷಯ ಸಿಕ್ಕ ದಿನ ಟೆಂಪ್ಲೇಟ್ ಹುಡುಕಬೇಡಿ. ಮೊಬೈಲ್ ತೆಗೆದು ನಾಲ್ಕು ಸಾಲು ಬರೆಯಿರಿ. ಬರೆಯಲು ಬರುತ್ತಿಲ್ಲ ಎಂದಾದರೆ ವಿಷಯ ಇನ್ನೂ ನಿಮ್ಮದಾಗಿಲ್ಲ ಎಂದರ್ಥ. ಆಗ ಜೆರಾಕ್ಸ್ ಅಂಗಡಿಗೆ ಹೋಗುವ ಬದಲು, ನಾನು ಮಾಡಿದಂತೆ ಮನೆಗೊಂದು ಫೋನ್ ಮಾಡಿ ನೋಡಿ.