ಹಕ್ಕಿಗೂ ಒಂದು ದಡ ಬಿಡಿ



“ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ” ಅಂತ ನಮ್ಮಜ್ಜಿ ಪ್ರತಿ ವರ್ಷ ಹೇಳ್ತಾರೆ. ಚಳಿಯ ಹಿಂದೆಯೇ ಇನ್ನೂ ಕೆಲವರು ಹೊರಡುತ್ತಾರೆ. ಅವರು ಚಳಿಗಾಲ ಕಳೆಯಲು ದೂರದಿಂದ ನಮ್ಮ ಕೆರೆಗಳಿಗೆ ಬಂದಿದ್ದ ಹಕ್ಕಿಗಳು. ಅವುಗಳ ವಿಷಯವಾಗಿಯೇ ಈ ವಾರ ಬರೆಯುತ್ತಿದ್ದೇನೆ. ಏಕೆಂದರೆ ಯುಗಾದಿ ಆದ ಮೇಲೆ ನಮ್ಮೂರ ಕೆರೆಗೆ ಜೆಸಿಬಿ ಇಳಿಯುತ್ತದೆ.

ಈ ಸಲ ಶಿವರಾತ್ರಿ ರಜೆಯಲ್ಲಿ ನಾನು ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಮಾವನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆಗೆ ಮಾವ ಎಬ್ಬಿಸಿ, “ಬಾ ಪುಟ್ಟಿ, ಕೆರೆ ನೋಡ್ಕೊಂಡು ಬರೋಣ” ಅಂದರು. ನನಗೆ ನಗು ಬಂತು. ಹಳ್ಳಿಯವಳಿಗೆ ಪಟ್ಟಣದಲ್ಲಿ ಕೆರೆ ತೋರಿಸೋದಾ ಅಂತ.

ನಾವು ಹೋದದ್ದು 7ನೇ ಹಂತದ ಪುಟ್ಟೇನಹಳ್ಳಿ ಕೆರೆಗೆ. (ಯಲಹಂಕದ ಪುಟ್ಟೇನಹಳ್ಳಿ ಕೆರೆ ಬೇರೆ.) ಸುಮಾರು 13 ಎಕರೆಯ ಸಣ್ಣ ಕೆರೆ ಅದು. ಹಿಂದೊಮ್ಮೆ ಹಾಳುಬಿದ್ದಿತ್ತಂತೆ. 2010ರ ಸುಮಾರಿಗೆ ಸುತ್ತಲಿನ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಅದರ ಹಿಂದೆ ಬಿದ್ದರು. ಸುತ್ತ ಮನೆ ಎದ್ದು ಮಳೆನೀರಿನ ದಾರಿ ಕಟ್ಟಿಹೋಗಿದ್ದರಿಂದ, ಅಪಾರ್ಟ್‌ಮೆಂಟಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗೆ ಬಿಡುತ್ತಾರೆ. ಅಂಥ ಕೆರೆಯಲ್ಲಿ ಅರ್ಧ ಗಂಟೆಯಲ್ಲಿ ನಾನು 19 ಜಾತಿ ಹಕ್ಕಿ ಎಣಿಸಿದೆ! ಹಣೆಗೆ ಬಿಳಿ ನಾಮ ಇಟ್ಟ ನಾಮದ ಕೋಳಿ, ಗುಳುಂ ಅಂತ ಮುಳುಗುವ ಗುಳುಮುಳುಕ, ಜೊಂಡಿನ ಮೇಲೆ ನಡೆಯುವ ನೇರಳೆ ಬಣ್ಣದ ಜಂಬುಕೋಳಿ, ರೆಕ್ಕೆ ಒಣಗಿಸುವ ನೀರುಕಾಗೆ, ಮಿಂಚುಳ್ಳಿ. ಕೆಸರಿನ ಅಂಚಿನಲ್ಲಿ ಬಾಲ ಕುಣಿಸುತ್ತ ಹಳದಿ ಸಿಪಿಲೆ ಮತ್ತು ಗದ್ದೆಗೊರವ. ಈ ಕೊನೆಯ ಎರಡು ಚಳಿಗಾಲದ ಅತಿಥಿಗಳು.

ಮರುದಿನ ಬೇರೊಂದು ಕೆರೆಗೆ ಹೋದೆವು. ಅದರ ಹೆಸರು ಬೇಡ. ನೋಡೋಕೆ ಬಲು ಚೆಂದ. ಸುತ್ತ ಕಲ್ಲು ಕಟ್ಟಿದ ದಡ, ನಡೆಯಲು ದಾರಿ, ಕೂರಲು ಬೆಂಚು. ನೀರೂ ತುಂಬಾ ಇತ್ತು. ಆದರೆ ಹಕ್ಕಿ? ನಾಲ್ಕು ನೀರುಕಾಗೆ, ಮೇಲೆ ಎರಡು ಹದ್ದು, ಅಷ್ಟೇ. ನಾನು ಮಾವನನ್ನು ಕೇಳಿದೆ, “ನೀರಿದೆ, ಮೀನಿದೆ, ಹಕ್ಕಿ ಯಾಕಿಲ್ಲ?” ಮಾವ ಅಂದರು, “ಬಟ್ಟಲು ಥರ ತೋಡಿದ್ದಾರೆ ನೋಡು. ಕೊಕ್ಕರೆ ಎಲ್ಲಿ ನಿಂತ್ಕೋಬೇಕು?”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ, ಅದಕ್ಕೆ ಆಳ ಸಾಕು. ಆದರೆ ಕೊಕ್ಕರೆಗೆ ಮೊಣಕಾಲು ನೀರು ಬೇಕು. ಗೊರವಕ್ಕೆ ಕೆಸರು ಬೇಕು, ಹುಳ ಇರುವುದು ಅಲ್ಲೇ. ಜಂಬುಕೋಳಿಗೆ ಗೂಡು ಕಟ್ಟಲು ಜೊಂಡು ಬೇಕು. ರಷ್ಯಾದ ಕಡೆಗೆಲ್ಲ ಮರಿ ಮಾಡಲು ಹೋಗುವ ಬಿಳಿಹುಬ್ಬಿನ ಬಾತು ತೆಳು ನೀರಿನಲ್ಲೇ ಬೀಜ, ಹುಳ ಹುಡುಕಿ ತಿನ್ನುತ್ತದೆ. ಹೊರಡುವ ಮುಂಚೆ ಮೈಯಲ್ಲಿ ಕೊಬ್ಬು ಸೇರಿಸಿಕೊಳ್ಳದಿದ್ದರೆ ಸಾವಿರಾರು ಮೈಲಿ ಹಾರುವುದು ಹೇಗೆ? ನಮಗೆ ಬುತ್ತಿ ಇದ್ದಂತೆ ಅದಕ್ಕೆ ಈ ಕೆಸರು.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಅಪ್ಪ ಬೈದರು. “ಹಕ್ಕಿ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ಹೂಳು ತೆಗೆದ್ರೆ ತಾನೆ ಬೋರ್‌ವೆಲ್‌ನಲ್ಲಿ ನೀರು?” ಅಪ್ಪನ ಮಾತು ಸುಳ್ಳಲ್ಲ. ನಮ್ಮ ಹೊಲಕ್ಕೂ ಕೆರೆ ಗೋಡು ಬೇಕು. ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲಿ ತೆಗೆಯಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮ ಹಿರಿಯರು ಕೆರೆಯನ್ನು ಬಟ್ಟಲಿನಂತೆ ಕಟ್ಟಿರಲಿಲ್ಲ. ಏರಿಯ ಬುಡದಲ್ಲಿ ಆಳ, ನೀರು ಬರುವ ಕಡೆಗೆ ಹೋದಂತೆ ತೆಳು. ಆಳದ ನೀರು ಬೆಳೆಗೆ, ದನಕ್ಕೆ. ತೆಳು ನೀರು ಹಕ್ಕಿಗೆ, ಮೀನುಮರಿಗೆ. ಏರಿ ಕಡೆ ಎಷ್ಟು ಬೇಕೋ ಅಷ್ಟು ತೋಡಲಿ, ಹುಣಸೆತೋಪಿನ ಕಡೆಯ ಇಳಿಜಾರನ್ನೂ ಜೊಂಡನ್ನೂ ಹಾಗೇ ಬಿಡಲಿ. ಆ ಕಡೆ ಕಲ್ಲು ಕಟ್ಟುವುದು ಬೇಡ. ಇದರಿಂದ ಯಾರ ಹೊಲಕ್ಕೆ ನಷ್ಟ?

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಮರದಲ್ಲೇ ಮರಿ ಮಾಡುತ್ತವೆ. ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ನೋಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಅವರೂ ನಮ್ಮ ಹಾಗೆ ಬೇಸಾಯಗಾರರೇ.

ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ಬೇಸಿಗೆಯಲ್ಲಿ ನಾವು ಕೆಲವರು ಒಣಗಿದ ಜೊಂಡಿಗೆ ಬೆಂಕಿ ಹಚ್ಚಿ ಕೇಕೆ ಹಾಕಿದ್ದೆವು. ಮಾರನೇ ದಿನ ನೋಡಿದರೆ ಬೂದಿಯಲ್ಲಿ ಸುಟ್ಟ ಮೊಟ್ಟೆಗಳಿದ್ದವು. ಯಾವ ಹಕ್ಕಿಯದು ಅಂತ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಸುಡುವುದು ಎಷ್ಟು ಸುಲಭ!

ಅದಕ್ಕೇ ಎರಡು ವಿನಂತಿ. ಒಂದು, ದಡ ಬಿಡಿ ಅಂತ ಗ್ರಾಮ ಪಂಚಾಯಿತಿಗೆ ನಾವೆಲ್ಲ ಸಹಿ ಹಾಕಿ ಅರ್ಜಿ ಕೊಡೋಣ. ಗುರುಗಳು ಬರೆಸಿಕೊಡಬೇಕು. ಎರಡು, ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ 15 ನಿಮಿಷ ಏರಿ ಮೇಲೆ ನಿಂತು ಹಕ್ಕಿ ಎಣಿಸಿ ಒಂದು ನೋಟ್‌ಬುಕ್‌ನಲ್ಲಿ ಬರೆಯೋಣ. ಹೆಸರು ಗೊತ್ತಾಗದಿದ್ದರೆ ಚಿತ್ರ ಬರೆದರಾಯಿತು. ಇಂದು ಏನಿದೆ ಅಂತ ಬರೆದಿಡದಿದ್ದರೆ, ನಾಳೆ ಏನು ಹೋಯಿತು ಅಂತ ಹೇಳುವವರು ಯಾರು?

ಚಳಿಗಾಲದ ಅತಿಥಿಗಳು ಇನ್ನು ಕೆಲವೇ ವಾರ ಇಲ್ಲಿರುತ್ತವೆ. ಮಳೆಗಾಲ ಕಳೆದು ತಿರುಗಿ ಬಂದಾಗ ಅವಕ್ಕೆ ಕಾಲೂರಲು ಜಾಗ ಇರಬೇಕೋ ಬೇಡವೋ? ನೀವೇ ಹೇಳಿ. ಈ ಶನಿವಾರ ನಾನಂತೂ ಏರಿ ಮೇಲೆ ಇರುತ್ತೇನೆ.

— 9ನೇ ತರಗತಿಯ ವಿದ್ಯಾರ್ಥಿನಿ