ದಾಂಡೇಲಿ ಪಟ್ಟಣ: ಜನಸಂಖ್ಯೆಯ ವೈವಿಧ್ಯ ಹಾಗೂ ಆದಾಯದ ಬದಲಾದ ಸ್ವರೂಪ

(ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯು ಕಾಳಿ ನದಿಯ ದಡದಲ್ಲಿ, ಕಾಡಿನ ನಡುವೆ ಬೆಳೆದ ಕೈಗಾರಿಕಾ ಪಟ್ಟಣವಾಗಿದೆ. ಈ ಪ್ರದೇಶವು ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯು 1959ರಲ್ಲಿ ಉತ್ಪಾದನೆ ಆರಂಭಿಸಿತು. ಉದ್ಯೋಗವನ್ನರಸಿ ನಾನಾ ಜಿಲ್ಲೆ ಹಾಗೂ ರಾಜ್ಯಗಳಿಂದ ಬಂದ ಕುಟುಂಬಗಳು ಇಲ್ಲಿಯೇ ನೆಲೆಸಿದವು. ಆದ್ದರಿಂದ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಹಿಂದಿ ಮುಂತಾದ ಭಾಷೆಗಳನ್ನಾಡುವವರು ಪಟ್ಟಣದಲ್ಲಿ ಒಂದಾಗಿ ಬಾಳುತ್ತಿದ್ದಾರೆ.

2. ಜನಸಂಖ್ಯೆ

2001ರ ಜನಗಣತಿಯಲ್ಲಿ ಸುಮಾರು 53 ಸಾವಿರವಿದ್ದ ಪಟ್ಟಣದ ಜನಸಂಖ್ಯೆಯು 2011ರಲ್ಲಿ ಸುಮಾರು 52 ಸಾವಿರಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆಯು ಶೇ. 15ಕ್ಕೂ ಅಧಿಕವಾಗಿ ಏರಿರುವುದನ್ನು ಗಮನಿಸಿದಲ್ಲಿ ಈ ಇಳಿಕೆಯ ಮಹತ್ವ ಮನವರಿಕೆಯಾಗುತ್ತದೆ. ಪ್ಲೈವುಡ್ ಹಾಗೂ ಫೆರೋ ಮಿಶ್ರಲೋಹದ ಕಾರ್ಖಾನೆಗಳು ಮುಚ್ಚಿದ ನಂತರ ಊರಿನಲ್ಲಿ ಹೊಸ ಕಾಯಂ ಉದ್ಯೋಗಗಳು ವಿರಳವಾದವು. 2011ರ ನಂತರದ ಗಣತಿಯ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು ಅಧಿಸೂಚಿಸಲಾಗಿದೆ.

3. ಆದಾಯ

ಜನಗಣತಿಯು ಭಾಷೆ, ಧರ್ಮ, ಸಾಕ್ಷರತೆ ಹಾಗೂ ಉದ್ಯೋಗದ ವಿವರಗಳನ್ನು ದಾಖಲಿಸುತ್ತದೆಯೇ ಹೊರತು ಕುಟುಂಬದ ಆದಾಯವನ್ನು ದಾಖಲಿಸುವುದಿಲ್ಲ. ಹಿಂದೆ ಕಾರ್ಖಾನೆಯ ವೇತನ ಚೀಟಿಯೊಂದೇ ಅನೇಕ ಕುಟುಂಬಗಳ ಆದಾಯಕ್ಕೆ ಸಾಕ್ಷಿಯಾಗಿತ್ತು. ಈಗ ಕಾಗದ ಕಾರ್ಖಾನೆಯ ಜೊತೆಗೆ ರೆಸಾರ್ಟ್, ಹೋಂಸ್ಟೇ, ಬಾಡಿಗೆ ವಾಹನ ಹಾಗೂ ಗಣೇಶಗುಡಿಯ ರಾಫ್ಟಿಂಗ್ ಜನರಿಗೆ ದುಡಿಮೆ ಒದಗಿಸಿವೆ. ಇಂತಹ ದುಡಿಮೆಯು ಮಳೆಗಾಲದಲ್ಲಿ ಕುಗ್ಗುತ್ತದೆ. ಕೂಲಿಯು ಬಹುತೇಕ ನಗದಾಗಿ ಕೈಸೇರುವುದರಿಂದ ದಾಖಲೆಯೂ ಉಳಿಯುವುದಿಲ್ಲ. ಪ್ರವಾಸದ ತಿಂಗಳೊಂದರ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿದರೆ ಬಡ ಕುಟುಂಬವೂ ಕಾಗದದ ಮೇಲೆ ಅನುಕೂಲಸ್ಥವಾಗಿ ಕಾಣುತ್ತದೆ. ಅದರಿಂದ ಮಕ್ಕಳ ವಿದ್ಯಾರ್ಥಿವೇತನವೇ ಕೈತಪ್ಪುವ ಸಂಭವವಿದೆ.

4. ಅರ್ಜಿದಾರರ ಗಮನಕ್ಕೆ

ಅ) ಆದಾಯ ಪ್ರಮಾಣಪತ್ರಕ್ಕೆ ಕುಟುಂಬದ ಎಲ್ಲ ಮೂಲಗಳ ವಾರ್ಷಿಕ ಆದಾಯವನ್ನು ನಮೂದಿಸತಕ್ಕದ್ದು. ಋತುಮಾನದ ದುಡಿಮೆಯಾಗಿದ್ದಲ್ಲಿ, ಕೆಲಸವಿದ್ದ ಮತ್ತು ಇಲ್ಲದ ತಿಂಗಳುಗಳನ್ನು ವಿಚಾರಣೆಗೆ ಬರುವ ಗ್ರಾಮ ಆಡಳಿತ ಅಧಿಕಾರಿ ಅಥವಾ ಕಂದಾಯ ನಿರೀಕ್ಷಕರಿಗೆ ಸ್ಪಷ್ಟವಾಗಿ ತಿಳಿಸುವುದು ಸೂಕ್ತ.

ಆ) ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳ ಪಟ್ಟಿಗಳು ರಾಜ್ಯವಾರು ಪ್ರಕಟವಾಗಿರುತ್ತವೆ. ಅನ್ಯ ರಾಜ್ಯದಿಂದ ವಲಸೆ ಬಂದವರಿಗೆ, ಅದೇ ಹೆಸರಿನ ಜಾತಿ ಇಲ್ಲಿನ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕರ್ನಾಟಕದ ಮೀಸಲಾತಿ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪು ನೀಡಿದೆ. ಇಂತಹ ಕುಟುಂಬದವರು ಮೂಲ ರಾಜ್ಯದಲ್ಲಿ ತಂದೆಗೆ ನೀಡಲಾದ ಪ್ರಮಾಣಪತ್ರವನ್ನು ಜೋಪಾನವಾಗಿರಿಸಿಕೊಳ್ಳುವುದು.

ಇ) ಪಟ್ಟಿಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಉದಾಹರಣೆಗೆ, ಈ ಜಿಲ್ಲೆಯ ಸಿದ್ದಿ ಸಮುದಾಯವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರ್ಪಡೆಯಾಯಿತು. ಆದುದರಿಂದ ಅರ್ಜಿಗೆ ಮುನ್ನ ಜಾರಿಯಲ್ಲಿರುವ ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

ಈ) ಅರ್ಜಿಗಳನ್ನು ನಾಡಕಚೇರಿಯಲ್ಲಿ ಸಲ್ಲಿಸಬಹುದು. ಸಕಾಲ ಸ್ವೀಕೃತಿಯನ್ನು ತಪ್ಪದೇ ಪಡೆಯುವುದು. ವಿಳಂಬ ಅಥವಾ ತಿರಸ್ಕಾರವಾದಲ್ಲಿ ಮೇಲ್ಮನವಿಗೆ ಅದೇ ಆಧಾರ.

5. ಉಪಸಂಹಾರ

ಪಟ್ಟಣದ ಸರಾಸರಿಯು ಯೋಜನೆ ರೂಪಿಸಲು ನೆರವಾಗಬಹುದು. ಆದರೆ ಒಂದು ಕುಟುಂಬದ ಅರ್ಹತೆಯನ್ನು ನಿರ್ಧರಿಸುವುದು ಆ ಕುಟುಂಬದ ನೈಜ ವಿವರಗಳೇ. ಅವುಗಳನ್ನು ಮರೆಮಾಚದೆ, ಹೆಚ್ಚಿಸದೆ, ಇದ್ದದ್ದನ್ನು ಇದ್ದಂತೆ ಸಲ್ಲಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.