ಬಾಲಕ್ಕೆ ಸಿಕ್ಕ ಮರ್ಯಾದೆ

ಮಕ್ಕಳೇ, ಈ ವಾರ ನಿಮಗೊಂದು ಕಥೆ. ಕೊನೆಯಲ್ಲಿ ಒಂದಿಷ್ಟು ವಿಜ್ಞಾನವೂ ಇದೆ. ಮೇಷ್ಟರು ಹೇಳುವ ಕಥೆಯಲ್ಲವೇ, ಪಾಠ ತಪ್ಪಿದ್ದಲ್ಲ!

ಒಂದು ಕಡಲೆಕಾಯಿ ಹೊಲ. ಮೊದಲ ಮಳೆ ಬಿದ್ದ ಮರುದಿನ ಬದುವಿನ ಮೇಲೆ ಕಂದು ಬಣ್ಣದ ದಪ್ಪ ಹಾವೊಂದು ಮಲಗಿತ್ತು. ಮೇಲೆ ಹಾರುತ್ತಿದ್ದ ಕಾಗೆ ಕಣ್ಣು ಹಾಯಿಸಿತು. ಈ ತುದಿಯೂ ಮೊಂಡು, ಆ ತುದಿಯೂ ಮೊಂಡು. ಕೆಳಗಿಳಿದು ನೋಡುವ ತಾಳ್ಮೆ ಕಾಗೆಗೆಲ್ಲಿ? "ಎರಡು ತಲೆ ಹಾವು ಬಂದಿದೆ!" ಎಂದು ಹೊಲಕ್ಕೆಲ್ಲ ಡಂಗುರ ಸಾರಿತು.

ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ ದಪ್ಪಗಾಯಿತು. "ಒಂದು ತಲೆ ಹಗಲು ಊಟ ಮಾಡುತ್ತದೆ, ಇನ್ನೊಂದು ರಾತ್ರಿ" ಎಂದಿತು ಅಳಿಲು. ಓತಿಕ್ಯಾತ ಹೌದು ಹೌದೆಂದು ತಲೆಯಾಡಿಸಿತು. ಅದು ಎಲ್ಲದಕ್ಕೂ ತಲೆಯಾಡಿಸುತ್ತದೆ, ಬಿಡಿ. ಕೋಳಿಯಂತೂ, "ತಲೆ ಎರಡಾದರೆ ಬುದ್ಧಿಯೂ ಎರಡು ಪಾಲು. ನಮ್ಮ ಜಗಳಗಳಿಗೆಲ್ಲ ಇವರೇ ನ್ಯಾಯಾಧೀಶರಾಗಲಿ" ಎಂದಿತು.

ಜನ ಸೇರಿದ್ದು ಕಂಡು ಹಾವಿಗೆ ಭಯವಾಯಿತು. ಮೈ ಸುರುಳಿ ಸುತ್ತಿ, ತಲೆಯನ್ನು ಅಡಿಯಲ್ಲಿ ಹುದುಗಿಸಿ, ಬಾಲವನ್ನು ಮೇಲೆತ್ತಿತು. ಎಲ್ಲರೂ ಬಾಲಕ್ಕೆ ಭಕ್ತಿಯಿಂದ ನಮಸ್ಕರಿಸಿದರು!

ಇಲಿ ಮುಂದೆ ಬಂದು ಒಂದು ಕಡಲೆಕಾಯಿ ಕಾಣಿಕೆ ಇಟ್ಟಿತು. "ಸ್ವಾಮೀ, ಈ ಅಳಿಲು ನನ್ನ ಕಾಯಿ ಕದಿಯುತ್ತದೆ. ನ್ಯಾಯ ಕೊಡಿ." ಉತ್ತರವಿಲ್ಲ. "ದೊಡ್ಡವರು ಸುಮ್ಮನೆ ಬಾಯಿ ಬಿಡುವುದಿಲ್ಲ" ಎಂದು ಕೋಳಿ ಸಮಾಧಾನ ಹೇಳಿತು. ಇಲಿ ಇನ್ನೂ ಹತ್ತಿರ ಸರಿಯಿತು.

ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಮುದಿ ಎತ್ತು ಕೇಳಿತು: "ಅಲ್ಲ ಕಣ್ರಪ್ಪಾ, ಆ ತಲೆಗೆ ಕಣ್ಣಿದೆಯೇ? ಬಾಯಿದೆಯೇ? ನೋಡಿದವರು ಯಾರು?" ಎಲ್ಲರೂ ಕಾಗೆಯ ಕಡೆ ನೋಡಿದರು. ಕಾಗೆ ಆಕಾಶದ ಕಡೆ ನೋಡಿತು.

ಇಲಿ ಕತ್ತೆತ್ತಿ ನೋಡಿತು. ಕಣ್ಣೂ ಇಲ್ಲ, ಬಾಯಿಯೂ ಇಲ್ಲ! ಅಷ್ಟರಲ್ಲಿ ಸುರುಳಿಯ ಅಡಿಯಿಂದ ನಿಜವಾದ ತಲೆ ಹೊರಬಂದು ನಾಲಗೆ ಚಾಚಿತು. "ನನ್ನ ಬಾಲಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ಅಂದಹಾಗೆ, ಊಟದ ಹೊತ್ತಾಯಿತು. ಇಲಿರಾಯರೇ, ಸ್ವಲ್ಪ ಈ ಕಡೆ ಬರುತ್ತೀರಾ?"

ಇಲಿ ಮಂಗಮಾಯ! ಕಾಣಿಕೆಯ ಕಡಲೆಕಾಯಿ ಅಳಿಲಿನ ಪಾಲಾಯಿತು.

ಈಗ ವಿಜ್ಞಾನ. ಈ ಹಾವಿನ ಹೆಸರು ಮಣ್ಣುಮುಕ್ಕ. ಇದಕ್ಕಿರುವುದು ಒಂದೇ ತಲೆ. ಬಾಲ ಮಾತ್ರ ತಲೆಯಂತೆ ಮೊಂಡಾಗಿದೆ. ಶತ್ರು ಬಾಲವನ್ನು ತಲೆಯೆಂದು ಕಚ್ಚಿದರೆ ನಿಜವಾದ ತಲೆ ಉಳಿಯುತ್ತದೆ. ಇದಕ್ಕೆ ವಿಷವಿಲ್ಲ. ಇಲಿಗಳನ್ನು ಸುತ್ತಿ ಬಿಗಿದು ಕೊಂದು ತಿನ್ನುವುದರಿಂದ ರೈತನಿಗೆ ಮಿತ್ರ. ಮೊಟ್ಟೆ ಇಡದೆ ಮರಿಗಳನ್ನೇ ಹಾಕುತ್ತದೆ.

ಕಾಗೆಯಂಥ ಮನುಷ್ಯರೂ ಇದ್ದಾರೆ. ಎರಡು ತಲೆ ಹಾವು ಮನೆಯಲ್ಲಿದ್ದರೆ ಅದೃಷ್ಟ ಖುಲಾಯಿಸುತ್ತದೆ ಎಂದು ನಂಬಿ ಹಣ ಸುರಿಯುವವರಿದ್ದಾರೆ. ಅವರಿಗಾಗಿ ಈ ಬಡಪಾಯಿಯನ್ನು ಹಿಡಿದು ಮಾರುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದು ಅಪರಾಧ.

ಹಾಗೆಂದು ದಪ್ಪನೆಯ ಕಂದು ಹಾವೆಲ್ಲ ಮಣ್ಣುಮುಕ್ಕ ಎಂದುಕೊಂಡು ಮುಟ್ಟಲು ಹೋಗಬೇಡಿ! ಅದೂ ಕಾಗೆಯ ಬುದ್ಧಿಯೇ. ಕೊಳಕುಮಂಡಲವೂ ದಪ್ಪಗೆ, ಕಂದಾಗಿರುತ್ತದೆ. ಅದರ ವಿಷ ಪ್ರಾಣ ತೆಗೆಯುತ್ತದೆ. ಯಾವ ಹಾವೇ ಆಗಲಿ, ದೂರ ಸರಿದು ಹಿರಿಯರನ್ನು ಕರೆಯಿರಿ.

ಒಂದು ಚಿಕ್ಕ ಅಭ್ಯಾಸ ಮಾಡಿ. ನೋಟ್‌ಪುಸ್ತಕದ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ 'ಕಂಡದ್ದು', ಬಲಕ್ಕೆ 'ಅಂದುಕೊಂಡದ್ದು' ಎಂದು ಬರೆಯಿರಿ. ಮೊಂಡಾದ ತುದಿ ಎಡಕ್ಕೆ, ಎರಡನೆಯ ತಲೆ ಬಲಕ್ಕೆ. ಬಲಗಡೆಯದನ್ನು ಪರೀಕ್ಷಿಸದೆ ಎಡಕ್ಕೆ ತರಕೂಡದು. ವಿಜ್ಞಾನವೆಂದರೆ ಬಹುಪಾಲು ಇಷ್ಟೇ.

ತಂದೆತಾಯಿಗಳೇ, ಈ ಹಾಳೆ ನಿಮಗೂ ಉಪಯೋಗಕ್ಕೆ ಬರುತ್ತದೆ. ಗಣಿತದಲ್ಲಿ ಮಗುವಿಗೆ ಬಂದ 28 ಅಂಕ ಕಂಡದ್ದು. 'ನಮ್ಮ ಹುಡುಗ ದಡ್ಡ' ಎಂಬುದು ಅಂದುಕೊಂಡದ್ದು. ಬೋರ್ಡು ಸರಿಯಾಗಿ ಕಾಣುತ್ತಿದೆಯೇ, ಮಗ್ಗಿ ಎಲ್ಲಿ ತಪ್ಪುತ್ತಿದೆ ಎಂದು ಪಕ್ಕದಲ್ಲಿ ಕೂತು ನೋಡಿ. ಬೈಯುವುದಿದ್ದರೆ ಆಮೇಲೆ ಬೈಯಬಹುದು.